ವಾರ್ಡ್ ಬಿಟ್ಟು ಡಯಾಬಿಟಿಸ್ ಎಜುಕೇಟರ್ ಆಗಲೇ? ಅನುಭವ ಇದ್ದವರು ಹೇಳಿ

ದಾವಣಗೆರೆಯ ಸ್ಟಾಫ್ ನರ್ಸ್ ಕೇಳಿದ್ದು:

ಆರು ವರ್ಷದಿಂದ ಮೆಡಿಸಿನ್ ವಾರ್ಡ್‌ನಲ್ಲಿದ್ದೇನೆ. ಊರಲ್ಲೇ ಒಬ್ಬರು ಡಾಕ್ಟರ್ ಹೊಸ ಶುಗರ್ ಕ್ಲಿನಿಕ್ ತೆರೆಯುತ್ತಿದ್ದಾರೆ. ಶುಗರ್ ಇರುವವರಿಗೆ ಇನ್ಸುಲಿನ್, ಊಟದ ಬಗ್ಗೆ ಹೇಳಿಕೊಡುವ ಎಜುಕೇಟರ್ ಆಗಿ ಬನ್ನಿ ಎಂದು ಕರೆದಿದ್ದಾರೆ. ಸಂಬಳ ಸ್ವಲ್ಪ ಕಮ್ಮಿ, ಆದರೆ ನೈಟ್ ಡ್ಯೂಟಿ ಇಲ್ಲ. ನಮ್ಮ ಸೀನಿಯರ್ ಸಿಸ್ಟರ್ ಕೇಳಿ ನಕ್ಕರು, "ಸುಮ್ನೆ ಡಯಟ್ ಚಾರ್ಟ್ ಹಂಚೋ ಕೆಲಸ ಅದು" ಅಂದರು. ನಿಜವಾಗಲೂ ಅಷ್ಟೇನಾ? ಮೊದಲು ಏನು ಕಲಿಯಬೇಕು? ಕೋರ್ಸ್ ಮಾಡಬೇಕಾ? ನಮ್ಮಪ್ಪನಿಗೇ 14 ವರ್ಷದಿಂದ ಶುಗರ್ ಇದೆ, ಐದು ವರ್ಷದಿಂದ ಇನ್ಸುಲಿನ್ ತಗೋತಿದ್ದಾರೆ. ಹಾಗಾಗಿ ವಿಷಯ ಪೂರ್ತಿ ಹೊಸದಲ್ಲ.

ಮೈಸೂರಿನಿಂದ, ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿರುವವರು:

ನಾನೂ ವಾರ್ಡ್‌ನಿಂದಲೇ ಬಂದವಳು. ಮೊದಲ ವಾರದ ಕಥೆ ಹೇಳಿಬಿಡುತ್ತೇನೆ. ಮಂಡ್ಯ ಕಡೆಯ ಒಬ್ಬ ಅಜ್ಜನಿಗೆ ಮೇದೋಜೀರಕ ಗ್ರಂಥಿಯ ಚಿತ್ರ ತೋರಿಸಿ, ಇನ್ಸುಲಿನ್ ಅಂದರೆ ಬೀಗದ ಕೈ ಇದ್ದ ಹಾಗೆ ಅಂತೆಲ್ಲ 25 ನಿಮಿಷ ಹೇಳಿದೆ. ಅವರು ತಲೆಯಾಡಿಸುತ್ತಲೇ ಇದ್ದರು. ನನಗೋ ಭಾರೀ ಖುಷಿ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಎಲ್ಲಾ ಸರಿ ಕಣವ್ವ, ಮುದ್ದೆ ಉಣ್ಲೋ ಬ್ಯಾಡ್ವೋ?" ಅಂದರು. ನಾನು ಅದೊಂದನ್ನು ಬಿಟ್ಟು ಬೇರೆಲ್ಲ ಹೇಳಿದ್ದೆ.

ಅವತ್ತಿನಿಂದ ಹೇಳೋದು ಕಮ್ಮಿ ಮಾಡಿದೆ. ಈಗ ನನ್ನ ಬಾಯಲ್ಲಿ ಜಾಸ್ತಿ ಬರುವ ಮಾತು ಒಂದೇ: "ಮನೆಯಲ್ಲಿ ಹೇಗೆ ಮಾಡ್ತೀರೋ ಹಾಗೇ ಮಾಡಿ ತೋರಿಸಿ."

ಯಾಕೆ ಅಂತ ಒಂದು ಉದಾಹರಣೆ. ತಿ. ನರಸೀಪುರ ಕಡೆಯ ಒಬ್ಬರಿಗೆ ಬೆಳಗಿನ ಜಾವ ನಾಲ್ಕಕ್ಕೆಲ್ಲ ಶುಗರ್ ತೀರಾ ಇಳಿದು ಮೈ ಬೆವತು, ಕೈ ನಡುಗಿ, ಮಾತು ತೊದಲುತ್ತಿತ್ತು. ಮೂರು ಕಡೆ ತೋರಿಸಿದ್ದರು. ಪ್ರತಿ ಸಲ ಡೋಸ್ ಇಳಿಸಿದ್ದಷ್ಟೇ. ಚೀಟಿಯಲ್ಲಿ 12 ಯೂನಿಟ್ ಅಂತ ಇತ್ತು, ಏನೂ ಜಾಸ್ತಿಯಲ್ಲ. ನಾನು ಹೆಂಡತಿಗೆ, ಮನೆಯಲ್ಲಿ ಬಳಸೋದನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಬನ್ನಿ ಅಂದೆ. ಇನ್ಸುಲಿನ್ ಪೆನ್ ಮುರಿದು ಎರಡು ತಿಂಗಳಾಗಿತ್ತಂತೆ. ಪೆನ್ ಒಳಗೆ ಹಾಕುವ ಇನ್ಸುಲಿನ್ ಕೊಳವೆ, ಅಂದರೆ ಕಾರ್ಟ್ರಿಜ್ ಮಾತ್ರ ತರಿಸುತ್ತಿದ್ದರು. ಅದರ ರಬ್ಬರಿಗೆ ಕೆಂಪು ಕ್ಯಾಪಿನ ಸಿರಿಂಜ್ ಚುಚ್ಚಿ, 12ರ ಗೆರೆಯವರೆಗೆ ಎಳೆದು, ಬೆಳಕಿಗೆ ಹಿಡಿದು ಗುಳ್ಳೆ ತೆಗೆದು ನನಗೆ ತೋರಿಸಿದರು. ಎಷ್ಟು ಶಿಸ್ತು ಅಂತೀರಿ! ಆದರೆ ಕೆಂಪು ಕ್ಯಾಪಿನದು 40ರ ಸಿರಿಂಜ್, ಅಂದರೆ ಒಂದು ಮಿಲಿಗೆ 40 ಯೂನಿಟ್ ಇರುವ ಬಾಟಲಿಗೆ ಮಾಡಿದ್ದು. ಕಾರ್ಟ್ರಿಜ್‌ನಲ್ಲಿ ಒಂದು ಮಿಲಿಗೆ 100 ಯೂನಿಟ್. ಅವರು 12 ಅಂತ ಎಳೆದಾಗ ಮೈಗೆ ಹೋಗುತ್ತಿದ್ದದ್ದು 30. ಎರಡೂವರೆ ಪಟ್ಟು. ಇದು ಯಾವ ರಿಪೋರ್ಟಿನಲ್ಲೂ ಕಾಣುವುದಿಲ್ಲ. "ಸರಿಯಾಗಿ ತಗೋತಿದ್ದೀರಾ?" ಎಂದು ಕೇಳಿದ್ದರೆ "ಹೂಂ" ಅಂತಲೇ ಅನ್ನುತ್ತಿದ್ದರು. ಸುಳ್ಳೂ ಅಲ್ಲ ಅದು.

ಹಾಗಾಗಿ ಮೊದಲು ಏನು ಕಲಿಯಲಿ ಎಂದರೆ ಕೈ ಕೆಲಸ ಕಲಿಯಿರಿ. 40 ಯಾವುದು, 100 ಯಾವುದು. ಹಾಲಿನ ಹಾಗಿರುವ ಇನ್ಸುಲಿನ್ ಅನ್ನು ಕುಲುಕದೆ ಅಂಗೈ ನಡುವೆ ಉರುಳಿಸಬೇಕು, ತಿಳಿಯಾಗಿರುವುದಕ್ಕೆ ಅದು ಬೇಕಿಲ್ಲ. ಪೆನ್ ಆದರೆ ಮೊದಲು ಎರಡು ಯೂನಿಟ್ ಹೊರಗೆ ಬಿಟ್ಟು ನೋಡಬೇಕು. ಚುಚ್ಚಿ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಬೇಕು. ಕೊನೆಯದಾಗಿ, ಅಂಗಿ ಎತ್ತಿಸಿ ಹೊಟ್ಟೆ ಮುಟ್ಟಿ ನೋಡಿ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಚರ್ಮದ ಕೆಳಗೆ ಗಂಟು ಕಟ್ಟಿರುತ್ತದೆ. ಅಲ್ಲಿ ಹಾಕಿದ ಇನ್ಸುಲಿನ್ ಒಂದು ದಿನ ಹೀರಿಕೊಳ್ಳುತ್ತೆ, ಇನ್ನೊಂದು ದಿನ ಇಲ್ಲ. ಸಕ್ಕರೆ ಏರುಪೇರಾಗೋದಕ್ಕೆ ಜನ ಹೋಳಿಗೆಯನ್ನು ಬೈಯುತ್ತಾರೆ. ಕಾರಣ ಎಷ್ಟೋ ಸಲ ಹೊಟ್ಟೆಯ ಮೇಲೇ ಇರುತ್ತೆ.

ಗ್ಲುಕೋಮೀಟರ್ ಕೂಡ ಹಾಗೆಯೇ. ಮಾವಿನ ಹಣ್ಣು ಸುಲಿದ ಕೈ ತೊಳೆಯದೆ ಬೆರಳು ಚುಚ್ಚಿ, 300 ಬಂತು ಅಂತ ಗಾಬರಿಯಾಗಿ ಆಟೋ ಹಿಡಿದು ಬಂದವರಿದ್ದಾರೆ. ಸೋಪು ಹಾಕಿ ತೊಳೆದು ಮತ್ತೆ ನೋಡಿದರೆ 140.

ಹುಬ್ಬಳ್ಳಿಯ ಡಯಟಿಷಿಯನ್:

ಚಾರ್ಟ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಸೀನಿಯರ್ ನಕ್ಕದ್ದರಲ್ಲಿ ಅರ್ಧ ಸತ್ಯ ಇದೆ. ಬಹಳ ಕಡೆ ನಿಜವಾಗಲೂ ಜೆರಾಕ್ಸ್ ಚಾರ್ಟ್ ಹಂಚುತ್ತಾರೆ. "ಬೆಳಿಗ್ಗೆ 8: ಎರಡು ಇಡ್ಲಿ. 11: ಮೊಳಕೆ ಕಾಳು ಒಂದು ಬಟ್ಟಲು." ನಮ್ಮ ಕಡೆ ಬೆಳಿಗ್ಗೆ ಏಳಕ್ಕೇ ರೊಟ್ಟಿ, ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗುವ ಹೆಣ್ಣುಮಗಳು ಆ ಚಾರ್ಟ್ ಇಟ್ಟುಕೊಂಡು ಏನು ಮಾಡಬೇಕು?

ನಾನು "ಏನು ತಿಂತೀರಿ?" ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಎಲ್ಲರೂ ಸಾಧುಗಳಾಗಿಬಿಡುತ್ತಾರೆ. "ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಹೇಳಿ" ಎನ್ನುತ್ತೇನೆ. ಆಗ ನಾಲ್ಕು ಸಲದ ಚಹಾ, ಚಹಾಕ್ಕೆ ಅದ್ದಿದ ಬಿಸ್ಕತ್ತು, ಮೊಮ್ಮಗ ಬಿಟ್ಟ ಅನ್ನ ಎಲ್ಲ ಹೊರಗೆ ಬರುತ್ತವೆ.

ರಾಗಿ ಬಗ್ಗೆಯೂ ಒಂದು ಮಾತು, ಮಂಡ್ಯದ ಅಜ್ಜನ ಪ್ರಶ್ನೆಗೆ ಉತ್ತರ ಯಾರೂ ಬರೆದಿಲ್ಲ ನೋಡಿ. ರಾಗಿಯಲ್ಲಿ ಸಕ್ಕರೆ ಇಲ್ಲ, ಎಷ್ಟು ಬೇಕಾದರೂ ಉಣ್ಣಬಹುದು ಅಂತ ಬಹಳ ಜನ ನಂಬಿದ್ದಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಅಕ್ಕಿಯಲ್ಲಿ 78ರ ಹತ್ತಿರ. ರಾಗಿಯಲ್ಲಿ ನಾರು ಜಾಸ್ತಿ ನಿಜ, ಅದು ಒಳ್ಳೆಯದೇ. ಆದರೆ ಎರಡು ದೊಡ್ಡ ಮುದ್ದೆ ಉಂಡರೆ ನಾರು ನಿಮ್ಮನ್ನು ಕಾಯುವುದಿಲ್ಲ. ಮುದ್ದೆ ಉಣ್ಣಿ, ಒಂದೇ ಉಣ್ಣಿ, ಚಿಕ್ಕದು ಕಟ್ಟಿ, ಜೊತೆಗೆ ಸೊಪ್ಪು, ಕಾಳಿನ ಸಾರು ಜಾಸ್ತಿ ಇರಲಿ. ಅಜ್ಜನಿಗೆ ಅಷ್ಟು ಸಾಕಿತ್ತು. ಜೇನುತುಪ್ಪ, ಬೆಲ್ಲ "ನ್ಯಾಚುರಲ್" ಎನ್ನುವವರ ಜೊತೆ ನಾನು ವಾದ ಮಾಡುವುದನ್ನು ಬಿಟ್ಟಿದ್ದೇನೆ. ತಿಂದು ಎರಡು ಗಂಟೆ ಬಿಟ್ಟು ನೀವೇ ಚೆಕ್ ಮಾಡಿ ಎನ್ನುತ್ತೇನೆ. ಮೀಟರ್ ನನಗಿಂತ ಚೆನ್ನಾಗಿ ವಾದ ಮಾಡುತ್ತೆ.

ಉಪವಾಸ ಮರೆಯಬೇಡಿ. ಏಕಾದಶಿ, ರಂಜಾನ್. ಇನ್ಸುಲಿನ್ ಮೇಲಿರುವವರು "ಮಾಡಬೇಡಿ" ಎಂದರೂ ಮಾಡುತ್ತಾರೆ, ಹೇಳದೆ ಮಾಡುತ್ತಾರೆ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಮೊದಲೇ ಕೇಳಿ, ಡಾಕ್ಟರ್ ಹತ್ತಿರ ಡೋಸ್ ಬದಲಿಸಿಕೊಳ್ಳಲು ಕಳಿಸಿ.

ಬೆಂಗಳೂರಿನಿಂದ, ಈಗ ಈ ಕೆಲಸದಲ್ಲಿಲ್ಲ:

ಒಂದೇ ಸಲಹೆ. ನಿಮ್ಮ ಸಂಬಳ ಯಾರು ಕೊಡುತ್ತಾರೆ ಎಂದು ಮೊದಲು ಕೇಳಿ. ಡಾಕ್ಟರಾ, ಇಲ್ಲ ಔಷಧ ಕಂಪನಿಯಾ? ನಾನು ಕೂತಿದ್ದದ್ದು ಕ್ಲಿನಿಕ್‌ನಲ್ಲಿ, ಸಂಬಳ ಬರುತ್ತಿದ್ದದ್ದು ಒಂದು ಏಜೆನ್ಸಿಯಿಂದ, ಏಜೆನ್ಸಿಗೆ ದುಡ್ಡು ಕಂಪನಿಯಿಂದ. ಪೇಷಂಟ್ ನನ್ನನ್ನು "ಸಿಸ್ಟರ್" ಎಂದು ನಂಬುತ್ತಿದ್ದರು. ತಿಂಗಳ ಕೊನೆಗೆ ಏಜೆನ್ಸಿಯವರು ಕೇಳುತ್ತಿದ್ದದ್ದು ಎಷ್ಟು ಜನ ಅವರ ಪೆನ್‌ಗೆ ಬಂದರು ಎಂದು ಮಾತ್ರ. ಒಬ್ಬರು ಮನೆಗೆಲಸದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಬಾಟಲಿ ಇನ್ಸುಲಿನ್‌ನಲ್ಲೇ ಎಲ್ಲ ಚೆನ್ನಾಗಿತ್ತು. ಅವರನ್ನು ಬದಲಿಸಿ ಎಂಬ ಒತ್ತಡ ಬಂದ ದಿನ ಬಿಟ್ಟೆ. ಎಲ್ಲ ಕಡೆ ಹೀಗೆ ಎನ್ನುತ್ತಿಲ್ಲ. ಅಂಥ ಕೆಲಸದಲ್ಲಿದ್ದೂ ಪ್ರಾಮಾಣಿಕವಾಗಿ ಮಾಡುವ ಗೆಳತಿಯರಿದ್ದಾರೆ. ಆದರೆ ಸೇರುವ ಮೊದಲೇ ಟಾರ್ಗೆಟ್ ಇದೆಯಾ ಎಂದು ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ.

ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಬಿ.ಪಿ., ಶುಗರ್‌ನಂಥ ಅಂಟದ ಕಾಯಿಲೆಗಳ) ಕ್ಲಿನಿಕ್ ಕೌನ್ಸೆಲರ್:

ಮೈಸೂರಿನವರಿಗೆ 25 ನಿಮಿಷ ಸಿಕ್ಕಿತ್ತಲ್ಲ, ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ ಬಿ.ಪಿ., ಶುಗರ್ ಎರಡೂ ಸೇರಿ ಬೆಳಿಗ್ಗೆಯೇ ಕ್ಯೂ ಗೇಟಿನ ತನಕ. ಒಬ್ಬರಿಗೆ ಮೂರು ನಿಮಿಷ. ಐಸಿಎಂಆರ್‌ನವರ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನ 2023ರಲ್ಲಿ ಬಂತಲ್ಲ, ದೇಶದಲ್ಲಿ 10.1 ಕೋಟಿ ಜನಕ್ಕೆ ಡಯಾಬಿಟಿಸ್ ಎಂದು. ನನಗಂತೂ ಅವರೆಲ್ಲ ನಮ್ಮ ಕ್ಯೂನಲ್ಲೇ ನಿಂತಿದ್ದಾರೆ ಅನ್ನಿಸುತ್ತೆ.

ಮೂರು ನಿಮಿಷದಲ್ಲಿ ಏನು ಮಾಡೋದು? ಒಂದು ತಿಂಗಳಿಗೆ ಒಂದೇ ವಿಷಯ. ಹೋದ ತಿಂಗಳು ಪಾದ. "ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಬಿದ್ದಿದ್ದು ಗೊತ್ತಾಗದೆ ಮುಂದೆ ಹೋಗಿದ್ದೀರಾ?" ಎಂದು ಬೆಂಚಿನಲ್ಲಿ ಕೂತವರನ್ನೆಲ್ಲ ಒಟ್ಟಿಗೆ ಕೇಳಿದೆ. ಮೊದಲು ನಗು. ಆಮೇಲೆ ಒಬ್ಬೊಬ್ಬರೇ ಕೈ ಎತ್ತಿದರು, ಏಳು ಜನ. ಸ್ಪರ್ಶ ಹೋಗಿದೆ ಎಂದರ್ಥ. ಅವರ ಕಾಲು ಅಲ್ಲೇ ನೋಡಿದೆವು. ಒಬ್ಬರ ಹಿಮ್ಮಡಿಯಲ್ಲಿ ಮುರಿದ ಜಾಲಿ ಮುಳ್ಳಿತ್ತು, ಯಾವಾಗ ಚುಚ್ಚಿತು ಅಂತಲೇ ಅವರಿಗೆ ಗೊತ್ತಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು, ಬೆರಳು ತೆಗೆಸಿಕೊಂಡವರು, ತಾವೇ ಎದ್ದು ತಮ್ಮ ಕಥೆ ಹೇಳಿದರು. ನಾನು ಒಂದು ಗಂಟೆ ಹೇಳಿದ್ದರೂ ಅಷ್ಟು ನಾಟುತ್ತಿರಲಿಲ್ಲ. ಬೆಂಚನ್ನು ಬಳಸಿಕೊಳ್ಳಿ, ಪೇಷಂಟ್‌ಗಳೇ ಒಬ್ಬರಿಗೊಬ್ಬರು ಒಳ್ಳೆಯ ಎಜುಕೇಟರ್‌ಗಳು.

ಶಿವಮೊಗ್ಗದಿಂದ, ಟೈಪ್ 1 ಡಯಾಬಿಟಿಸ್ (ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಬಗೆ) ಇರುವ ಹುಡುಗಿಯ ತಾಯಿ:

ನಾನು ಈ ಕೆಲಸದವಳಲ್ಲ, ಆದರೂ ಬರೆಯಬೇಕು ಅನ್ನಿಸಿತು. ಮಗಳಿಗೆ ಏಳು ವರ್ಷವಿದ್ದಾಗ ಐಸಿಯು ಸೇರಿದಳು. ಡಾಕ್ಟರ್ ಎಲ್ಲ ವಿವರಿಸಿದರು, ನನಗೆ ಒಂದಕ್ಷರ ಕಿವಿಗೆ ಬೀಳಲಿಲ್ಲ. ಚಾಕೊಲೇಟ್ ಕೊಡಿಸಿದ್ದಕ್ಕೆ ಹೀಗಾಯಿತೇನೋ ಅಂತಲೇ ತಲೆಯಲ್ಲಿ ಓಡುತ್ತಿತ್ತು. ಸಂಜೆ ಎಜುಕೇಟರ್ ಬಂದು ಪಕ್ಕದಲ್ಲಿ ಕೂತು ಮೊದಲು ಹೇಳಿದ್ದು, "ಇದು ಸಿಹಿ ತಿಂದು ಬರೋದಲ್ಲ. ನೀವು ಏನೂ ತಪ್ಪು ಮಾಡಿಲ್ಲ." ಆಮೇಲೆ ಹೊಸ ಸೂಜಿ ತೆಗೆದು, ಇನ್ಸುಲಿನ್ ಇಲ್ಲದೆ, ಸೆರಗು ಸರಿಸಿ ತಮ್ಮ ಹೊಟ್ಟೆಗೇ ಚುಚ್ಚಿಕೊಂಡು ತೋರಿಸಿದರು. ಮಗಳು ಅಳು ನಿಲ್ಲಿಸಿ ನೋಡಿದಳು. ನಾಲ್ಕು ಮಿಲಿಮೀಟರ್ ಸೂಜಿ ಅದು, ನನ್ನ ಕಣ್ಣಿಗೆ ದಬ್ಬಳದ ಹಾಗೆ ಕಂಡಿತ್ತು.

ಶಾಲೆಗೆ ಹೋಗಿ ಟೀಚರ್‌ಗೂ ಅವರೇ ಹೇಳಿಕೊಟ್ಟರು. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರು, 15 ನಿಮಿಷ ಬಿಟ್ಟು ಮತ್ತೆ ಚೆಕ್, ಆ ಹೊತ್ತಲ್ಲಿ ಒಂಟಿಯಾಗಿ ಟಾಯ್ಲೆಟ್‌ಗೆ ಕಳಿಸಬೇಡಿ. ಪೆನ್ಸಿಲ್ ಬಾಕ್ಸಿನಲ್ಲಿ ಗ್ಲೂಕೋಸ್ ಇಡುವ ಐಡಿಯಾ ಮಾತ್ರ ಮಗಳದೇ.

ನ್ಯೂಜೆರ್ಸಿಯಲ್ಲಿರುವ ನರ್ಸ್, ಊರು ಉಡುಪಿ:

ಕೋರ್ಸ್ ಬಗ್ಗೆ ಕೇಳಿದಿರಿ. ಇಲ್ಲಿ ಇದಕ್ಕೆಂದೇ 1986ರಿಂದ ಪರೀಕ್ಷೆ ಇದೆ. ನರ್ಸ್, ಡಯಟಿಷಿಯನ್, ಫಾರ್ಮಸಿಸ್ಟ್ ಯಾರಾದರೂ ಬರೆಯಬಹುದು, ಆದರೆ ಮೊದಲು 1,000 ಗಂಟೆ ಈ ಕೆಲಸ ಮಾಡಿರಬೇಕು. ಎಜುಕೇಟರ್‌ಗಳ ನಮ್ಮ ಸಂಘ 1973ರದು. 2020ರಲ್ಲಿ ಹೆಸರು ಬದಲಿಸಿ "ಎಜುಕೇಟರ್" ಪದದ ಜಾಗಕ್ಕೆ "ಕೇರ್ ಅಂಡ್ ಎಜುಕೇಶನ್ ಸ್ಪೆಷಲಿಸ್ಟ್" ಎಂದು ಮಾಡಿದರು. ಬರೀ ಪಾಠ ಹೇಳುವವರಲ್ಲ ಎಂದು ಇಲ್ಲೂ ಸಾಬೀತು ಮಾಡಬೇಕಾಗಿದೆ ನೋಡಿ, ನಿಮ್ಮ ಸೀನಿಯರ್ ಒಬ್ಬರೇ ಅಲ್ಲ. ಬಾಸ್ಟನ್‌ನ ಡಾ. ಎಲಿಯಟ್ ಜಾಸ್ಲಿನ್ ಅಂತೂ ನೂರು ವರ್ಷದ ಹಿಂದೆಯೇ ನರ್ಸ್‌ಗಳನ್ನು ತಯಾರು ಮಾಡಿ ಪೇಷಂಟ್‌ಗಳ ಮನೆಗೆ ಕಳಿಸುತ್ತಿದ್ದರು.

ಮೈಸೂರಿನವರು ಮತ್ತೆ:

ನಮ್ಮಲ್ಲಿ ಚೆನ್ನೈನ ಡಾ. ಮೋಹನ್ಸ್ ಅಕಾಡೆಮಿಯವರು ಎಜುಕೇಟರ್ ಕೋರ್ಸ್ ನಡೆಸುತ್ತಾರೆ. ಇಂಟರ್‌ನ್ಯಾಷನಲ್ ಡಯಾಬಿಟಿಸ್ ಫೆಡರೇಶನ್‌ನದು ಆನ್‌ಲೈನ್ ಇದೆ. ಮಾಡಿ, ಆದರೆ ಮುಗಿಸಿಯೇ ಸೇರುತ್ತೇನೆ ಎಂದು ಕಾಯಬೇಡಿ. ನರ್ಸಿಂಗ್ ರಿಜಿಸ್ಟ್ರೇಷನ್ ಮಾತ್ರ ರಿನ್ಯೂ ಮಾಡಿಸುತ್ತಿರಿ, ನಿಮ್ಮ ನೆಲ ಅದೇ.

ಕೋರ್ಸ್‌ಗಿಂತ ಮೊದಲು ಜೊತೆಗಾರರನ್ನು ಹುಡುಕಿಕೊಳ್ಳಿ. ಕ್ಲಿನಿಕ್‌ನಲ್ಲಿ ನೀವು ಒಬ್ಬರೇ ಎಜುಕೇಟರ್ ಆಗಿರುತ್ತೀರಿ. ಡೋಸ್ ಬದಲಿಸುವ ಅಧಿಕಾರ ಇಲ್ಲ, ಆದರೆ ತೊಂದರೆ ಮೊದಲು ಕಾಣೋದು ನಿಮಗೇ. ಡಾಕ್ಟರಿಗೆ ಅದನ್ನು ಹೇಗೆ ಹೇಳೋದು ಅಂತ ಯಾವ ಪುಸ್ತಕವೂ ಕಲಿಸಲ್ಲ. ನಾವು ಒಂಬತ್ತು ಜನ ತಿಂಗಳಿಗೊಮ್ಮೆ ಭಾನುವಾರ ಸೇರುತ್ತೇವೆ. ಪ್ರತಿಯೊಬ್ಬರೂ ಆ ತಿಂಗಳ ತಮ್ಮ ಒಂದು ಎಡವಟ್ಟು ಹೇಳಬೇಕು, ಪೇಷಂಟ್ ಹೆಸರು ಹೇಳುವ ಹಾಗಿಲ್ಲ. ಎಡವಟ್ಟಿಲ್ಲ ಎಂದವರು ಎಲ್ಲರ ಕಾಫಿ ಬಿಲ್ ಕೊಡಬೇಕು.

ಕೇಳಿದವರು, ಮೂರು ದಿನದ ಮೇಲೆ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಅಪ್ಪನಿಗೆ "ಹೇಗೆ ತಗೋತೀರಿ ತೋರಿಸಿ" ಅಂದೆ. ಆರು ವರ್ಷ ನರ್ಸ್ ಆಗಿದ್ದೂ ಒಂದು ದಿನ ಕೇಳಿರಲಿಲ್ಲ. ಹೊಕ್ಕುಳ ಎಡಕ್ಕೆ ನಿಂಬೆಹಣ್ಣಿನಷ್ಟು ಗಂಟು. ಐದು ವರ್ಷವೂ ಅಲ್ಲಿಗೇ ಚುಚ್ಚಿದ್ದಾರೆ. ಯಾಕೆ ಅಂದರೆ "ಅಲ್ಲಿ ನೋವಾಗಲ್ಲಮ್ಮ" ಅಂತಾರೆ. ಇವತ್ತಿನಿಂದ ಬಲಗಡೆ ಹಾಕಿಸುತ್ತೇನೆ.

ಮೈಸೂರಿನವರು:

ನಿಲ್ಲಿ! ಅದೇ ಡೋಸ್ ಹಿಡಿದುಕೊಂಡು ಜಾಗ ಬದಲಿಸಬೇಡಿ. ಗಂಟಿನಲ್ಲಿ ಅರ್ಧಂಬರ್ಧ ಹೀರುತ್ತಿದ್ದದ್ದು ಒಳ್ಳೆಯ ಚರ್ಮದಲ್ಲಿ ಪೂರ್ತಿ ಹೀರುತ್ತೆ, ಶುಗರ್ ಲೋ ಆಗಬಹುದು. ಮೊದಲು ಅವರ ಡಾಕ್ಟರಿಗೆ ಫೋನ್ ಮಾಡಿ, ಡೋಸ್ ಎಷ್ಟು ಇಳಿಸಬೇಕು ಕೇಳಿ. ಒಂದು ವಾರ ಜಾಸ್ತಿ ಸಲ ಚೆಕ್ ಮಾಡಿ, ನಡುರಾತ್ರಿಯೂ ಒಮ್ಮೆ.

ಕೇಳಿದವರು:

ಫೋನ್ ಮಾಡಿದೆ, ಡೋಸ್ ಇಳಿಸಿದ್ದಾರೆ. ರಾತ್ರಿ ಮೂರಕ್ಕೆ ಅಲಾರಂ ಇಟ್ಟು ಎಬ್ಬಿಸಿ ನೋಡಿದೆ, 118. ನೈಟ್ ಡ್ಯೂಟಿ ತಪ್ಪಲಿಲ್ಲ ಅಂತ ಅಪ್ಪ ನಕ್ಕರು. ಸೋಮವಾರ ಕ್ಲಿನಿಕ್‌ಗೆ ಹೋಗುತ್ತಿದ್ದೇನೆ. ಸಂಬಳ ಯಾರು ಕೊಡೋದು ಅಂತ ಮೊದಲು ಕೇಳ್ತೀನಿ.