ಲೇತ್ ಕೆಲಸದ ಮೇಲೆ ಪಿಎಚ್‌ಡಿ ಮಾಡಿ ಪ್ರೊಫೆಸರ್ ಆಗುವುದು: ಒಳಗಿನವರು ಸ್ವಲ್ಪ ಹೇಳ್ತೀರಾ?

ಬೆಟಗೇರಿ ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ-ಬೆಟಗೇರಿ. ಅಪ್ಪನದು ಲೇತ್ ವರ್ಕ್‌ಶಾಪ್. ಒಂದು ಹಳೆಯ ಆರಡಿ ಲೇತ್, ಒಂದು ಡ್ರಿಲ್ಲಿಂಗ್ ಮಷಿನ್, ವೆಲ್ಡಿಂಗ್ ಸೆಟ್, ಅಷ್ಟೇ. ಜಿನ್ನಿಂಗ್ ಮಿಲ್ಲಿನ ಶಾಫ್ಟ್, ಟ್ರ್ಯಾಕ್ಟರ್ ಪಿನ್, ಬುಷ್, ಏನು ಬಂದರೂ ಮಾಡಿಕೊಡುತ್ತಾರೆ. ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು ಹೋಮ್‌ವರ್ಕ್ ಮುಗಿಸುತ್ತಿದ್ದೆ. ಕಟಿಂಗ್ ಆಯಿಲ್ ಸುಟ್ಟ ವಾಸನೆ ಬಂದರೆ ಈಗಲೂ ನನಗೆ ಮನೆ ನೆನಪಾಗುತ್ತದೆ.

ಪ್ರೊಡಕ್ಷನ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಈ ವರ್ಷ ಮುಗಿಯುತ್ತದೆ. ಪಿಎಚ್‌ಡಿ ಮಾಡಬೇಕು, ಮಷಿನಿಂಗ್‌ನಲ್ಲೇ, ಅಂದರೆ ಯಂತ್ರದಲ್ಲಿ ಲೋಹ ಕಡಿಯುವ ಕೆಲಸದಲ್ಲೇ, ಸಂಶೋಧನೆ ಮಾಡುತ್ತಾ ಕಲಿಸಬೇಕು ಅಂತ ಬಹಳ ಆಸೆ. ಆದರೆ ಕ್ಲಾಸಿನವರೆಲ್ಲ ಎಐ ಕಡೆ ಹೊರಟಿದ್ದಾರೆ. "ಟರ್ನಿಂಗ್‌ನಲ್ಲಿ ಇನ್ನೇನು ಉಳಿದಿದೆ, ನೂರು ವರ್ಷ ಹಳೆಯ ವಿಷಯ" ಅಂತಾರೆ. ಬೆಂಗಳೂರಿನ ಒಂದು ಕಂಪನಿಯಿಂದ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಪ್ರೋಗ್ರಾಮಿಂಗ್ ಕೆಲಸಕ್ಕೂ ಕರೆ ಬಂದಿದೆ. ಅಪ್ಪ ಏನೂ ಹೇಳುತ್ತಿಲ್ಲ. "ನಿನಗೆ ಬಿಟ್ಟದ್ದವ್ವಾ" ಅಂದು ಸುಮ್ಮನಾಗಿದ್ದಾರೆ.

ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ಹೇಳಿ. ದಿನದ ಕೆಲಸ ಹೇಗಿರುತ್ತದೆ? ಸಂಬಳ, ಬಡ್ತಿ ಎಲ್ಲ ಹೇಗೆ? ನಿಜವಾಗಿಯೂ ಹೊಸದು ಮಾಡಲು ಏನಾದರೂ ಉಳಿದಿದೆಯಾ?

ಧಾರವಾಡ ಮೇಷ್ಟ್ರು

ತಂಗಿ, ನಿನ್ನ ಪ್ರಶ್ನೆ ಓದಿ ರಾತ್ರಿ ಊಟ ಮುಗಿಸಿ ನೇರ ಬರೆಯಲು ಕೂತೆ. ನಾನು 1994ರಲ್ಲಿ ಬಿ.ಇ. ಮುಗಿಸಿ ಐದು ವರ್ಷ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದೆ. ಆಮೇಲೆ ಕಲಿಸಲು ಬಂದೆ. ಪಿಎಚ್‌ಡಿ ಪಾರ್ಟ್ ಟೈಮ್, ಏಳು ವರ್ಷ ಹಿಡಿಯಿತು. ಈಗ ಪ್ರೊಫೆಸರ್.

ಮೊದಲು ಲೆಕ್ಕದ ಮಾತು ಮುಗಿಸುತ್ತೇನೆ. ಎಐಸಿಟಿಇ, ಅಂದರೆ ತಾಂತ್ರಿಕ ಶಿಕ್ಷಣ ಮಂಡಳಿಯ 2019ರ ನಿಯಮದ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ ಮೂಲ ವೇತನ 57,700 ರೂಪಾಯಿಯಿಂದ ಶುರು. ಅಸೋಸಿಯೇಟ್‌ಗೆ 1,31,400, ಪ್ರೊಫೆಸರ್‌ಗೆ 1,44,200. ಅಸೋಸಿಯೇಟ್ ಆಗಲು ಪಿಎಚ್‌ಡಿ ಬೇಕು, ಒಟ್ಟು 8 ವರ್ಷದ ಅನುಭವ ಬೇಕು, ಅದರಲ್ಲಿ ಎರಡು ವರ್ಷ ಪಿಎಚ್‌ಡಿ ಆದ ಮೇಲಿನದು. ಪ್ರೊಫೆಸರ್‌ಗೆ 10 ವರ್ಷ, ಅದರಲ್ಲಿ ಮೂರು ವರ್ಷ ಅಸೋಸಿಯೇಟ್ ಮಟ್ಟದಲ್ಲಿ. ಒಂದು ಮಾತು ಗಮನಿಸು: ಈ ಅನುಭವದಲ್ಲಿ ಕಾರ್ಖಾನೆಯ ವರ್ಷಗಳೂ ಸೇರುತ್ತವೆ. ಹಾಗಾಗಿ ಎರಡು ವರ್ಷ ಬೆಂಗಳೂರಿಗೆ ಹೋಗಿ ಬಂದರೂ ನಿನಗೆ ನಷ್ಟ ಇಲ್ಲ.

ಆದರೆ ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಈ ಸ್ಕೇಲ್ ಸಿಗುವುದಿಲ್ಲ. ನಾನು ಮೊದಲು ಸೇರಿದ ಕಾಲೇಜಿನಲ್ಲಿ ಮೂರು ತಿಂಗಳ ಸಂಬಳ ಒಟ್ಟಿಗೆ ಬಾಕಿ ಇತ್ತು. ಸೇರುವ ಮೊದಲು ಅಲ್ಲಿ ಕೆಲಸ ಮಾಡುವ ಇಬ್ಬರನ್ನಾದರೂ ಕೇಳಿ ತಿಳಿದುಕೋ.

ಇನ್ನು "ಏನು ಉಳಿದಿದೆ" ಅನ್ನುವ ಪ್ರಶ್ನೆ. ಇದಕ್ಕೆ ನನ್ನ ಜೀವನದ ಒಂದು ಜಾಬ್ ಕಥೆ ಹೇಳಬೇಕು. ಜಾಬ್ ಅಂದರೆ ಲೇತಿಗೆ ಹಾಕಿ ಕಡಿಯುವ ಲೋಹದ ತುಂಡು.

ಲೆಕ್ಚರರ್ ಆಗಿ ಎರಡನೇ ವರ್ಷ. ನನ್ನ ಹಳೆಯ ಮಾಲೀಕರು ಕರೆದರು. ವಾಲ್ವ್‌ನ ಸ್ಪಿಂಡಲ್ ಆರ್ಡರ್ ಬಂದಿತ್ತು. 410 ಸ್ಟೇನ್‌ಲೆಸ್ ಸ್ಟೀಲ್, 20 ಮಿ.ಮೀ. ವ್ಯಾಸ, 450 ಮಿ.ಮೀ. ಉದ್ದ. ಹತ್ತರಲ್ಲಿ ನಾಲ್ಕು ರಿಜೆಕ್ಟ್. ನಾನು ಹೊಸ ಹುರುಪಿನಲ್ಲಿ ಸ್ಪೀಡ್ ಚಾರ್ಟ್ ಹಿಡಿದು ಹೋದೆ. ಟಿಪ್ (ಟೂಲಿನ ಕಡಿಯುವ ತುದಿ) ಬದಲಿಸಿ, ಸ್ಪೀಡ್ ಇಳಿಸಿ ಅಂತ ಶುರು ಮಾಡಿದೆ. ಅಲ್ಲಿನ ಹಿರಿಯ ಟರ್ನರ್ ಒಬ್ಬರು ಒಂದು ಸ್ಪಿಂಡಲ್ ತೆಗೆದುಕೊಂಡು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಈ ತುದಿಯಿಂದ ಆ ತುದಿಗೆ ನಿಧಾನ ಜಾರಿಸಿದರು. "ಸರ್, ಸ್ಪೀಡ್ ಅಲ್ರಿ. ನಡುವ ಹೊಟ್ಟಿ ಬಂದೈತಿ ನೋಡ್ರಿ" ಅಂದರು.

ಮೈಕ್ರೋಮೀಟರ್ ಹಿಡಿದೆ. ಟೇಲ್‌ಸ್ಟಾಕ್ (ಜಾಬಿನ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗ) ಕಡೆ 20.00. ಚಕ್ (ಜಾಬನ್ನು ಹಿಡಿದು ತಿರುಗಿಸುವ ಭಾಗ) ಕಡೆ 20.01. ನಡುವೆ 20.06. ಅವರ ಬೆರಳು ಸರಿಯಾಗಿಯೇ ಹೇಳಿತ್ತು.

ಸಣ್ಣ, ಉದ್ದನೆಯ ಜಾಬ್ ಎರಡೂ ತುದಿಯಲ್ಲಿ ಹಿಡಿದಿರುತ್ತದೆ, ನಡುವೆ ಆಸರೆ ಇಲ್ಲ. ಟೂಲ್ ಒತ್ತಿದಾಗ ನಡುಭಾಗ ಹಿಂದೆ ಸರಿಯುತ್ತದೆ. ಅಲ್ಲಿ ಲೋಹ ಕಡಿಮೆ ಕಟ್ ಆಗುತ್ತದೆ, ದಪ್ಪ ಉಳಿಯುತ್ತದೆ. ಟಿಪ್‌ನ ಮೂಗು, ಅಂದರೆ ನೋಸ್ ರೇಡಿಯಸ್, 0.8 ಮಿ.ಮೀ. ಇತ್ತು. ಫಿನಿಶಿಂಗ್ ಕಟ್ ಬರೀ 0.3 ಮಿ.ಮೀ. ಮೂಗಿನ ದುಂಡಿಗಿಂತ ಕಟ್ ತೆಳ್ಳಗಿದ್ದರೆ ಟೂಲ್ ಜಾಬನ್ನು ಕಡಿಯುವುದರ ಜೊತೆ ಹೊರಗೆ ತಳ್ಳುವುದೂ ಜಾಸ್ತಿ. ಮೂಗು 0.4 ಮಾಡಿದರೆ ಆ ಒತ್ತಡ ಇಳಿಯುತ್ತದೆ. ಆದರೆ ಫಿನಿಶ್ ಕೆಡುತ್ತದೆ. ಫೀಡ್ ಅಂದರೆ ಜಾಬ್ ಒಂದು ಸುತ್ತು ತಿರುಗುವಾಗ ಟೂಲ್ ಸಾಗುವ ದೂರ. ಅದರ ವರ್ಗವನ್ನು ಮೂಗಿನ ಎಂಟು ಪಟ್ಟಿನಿಂದ ಭಾಗಿಸಿದರೆ ಟೂಲ್ ಬಿಟ್ಟ ಗೆರೆಯ ಆಳ ಸಿಗುತ್ತದೆ. 0.2 ಫೀಡ್, 0.8 ಮೂಗಿಗೆ ಸುಮಾರು 6 ಮೈಕ್ರಾನ್. ಅದೇ ಫೀಡಿಗೆ 0.4 ಮೂಗು ಹಾಕಿದರೆ 12 ದಾಟುತ್ತದೆ. ಫೀಡ್ 0.1ಕ್ಕೆ ಇಳಿಸಿದರೆ 3ಕ್ಕೆ ಬರುತ್ತದೆ, ಆದರೆ ಆ ಪಾಸಿಗೆ ಎರಡು ಪಟ್ಟು ಹೊತ್ತು. ಮಾಲೀಕರು "ಟೈಮ್ ಹೋದ್ರ ರೊಕ್ಕ ಹೋದಂಗ" ಅಂದರು. ಅದೂ ನಿಜ ಅಲ್ವಾ?

ಕೊನೆಗೆ ಸಣ್ಣ ಮೂಗು, ಸ್ವಲ್ಪ ಕಡಿಮೆ ಫೀಡ್, ಟೂಲಿನ ಜೊತೆಗೇ ಸಾಗುತ್ತಾ ಜಾಬಿಗೆ ಆಸರೆ ಕೊಡುವ ಸ್ಟೆಡಿ, ಮೂರನ್ನೂ ಸೇರಿಸಿದೆವು. ಹೊಟ್ಟೆ 0.015ಕ್ಕೆ ಇಳಿಯಿತು. ನನ್ನ ಪಿಎಚ್‌ಡಿಯ ಮೂರು ಅಧ್ಯಾಯ ಬೆಳೆದದ್ದು ಆ ಒಂದು ಸ್ಪಿಂಡಲ್‌ನಿಂದ.

ಈಗ ವಿಮರ್ಶೆಗೆ ನನ್ನ ಬಳಿ ಬರುವ ಲೇಖನಗಳಲ್ಲಿ ಎಷ್ಟೋ ಒಂದೇ ಅಚ್ಚಿನವು. ಸ್ಪೀಡ್, ಫೀಡ್, ಕಟ್‌ನ ಆಳ, ಟಾಗುಚಿಯ ಎಲ್9 ಎಂಬ ಪ್ರಯೋಗದ ಪಟ್ಟಿ, ಒಂಬತ್ತು ಪ್ರಯೋಗ, ಒಂದು ಟೇಬಲ್. ಮುಂದಿನ ವರ್ಷ ಲೋಹದ ಹೆಸರು ಮಾತ್ರ ಬದಲು. ಎಲ್9 ಒಳ್ಳೆಯ ಸಾಧನ, ನಾಲ್ಕು ಅಂಶ ಮೂರು ಮಟ್ಟ ಇದ್ದರೆ 81ರ ಬದಲು 9 ಪ್ರಯೋಗದಲ್ಲಿ ದಾರಿ ತೋರಿಸುತ್ತದೆ. ಆದರೆ ಆ ಉತ್ತರ ಯಾರಿಗೆ ಬೇಕಿತ್ತು ಅಂತ ಕೇಳಿದರೆ ಬರೆದವರ ಬಳಿಯೇ ಮಾತಿರುವುದಿಲ್ಲ. ಬಡ್ತಿಗೆ ಪೇಪರ್ ಬೇಕು, ಹಾಗಾಗಿ ಹೀಗಾಗುತ್ತದೆ. ನನಗೆ ಇದು ನೋವು ಕೊಡುವ ವಿಷಯ.

ನೂರು ವರ್ಷ ಹಳೆಯದು ಅಂದವರಿಗೆ ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ಬಗ್ಗೆ ಹೇಳು. ಟೂಲ್ ಎಷ್ಟು ಹೊತ್ತು ಬಾಳುತ್ತದೆ ಅನ್ನುವ ಸೂತ್ರ ಕೊಟ್ಟವನು. ಅವನು ಪ್ಯಾಟರ್ನ್ ಮತ್ತು ಮಷಿನ್ ಕೆಲಸ ಕಲಿತು 1878ರಲ್ಲಿ ಮಿಡ್‌ವೇಲ್ ಸ್ಟೀಲ್ ಕಾರ್ಖಾನೆ ಸೇರಿದವನು. ಲೋಹ ಕಡಿಯುವುದರ ಮೇಲೆ 26 ವರ್ಷ ಪ್ರಯೋಗ ಮಾಡಿದ. ಕಾರ್ಬೈಡ್ ಟಿಪ್‌ಗೆ ಅವನ ಸೂತ್ರದ ಘಾತ 0.25 ಅಂತ ಹಿಡಿದರೆ, ಸ್ಪೀಡ್ 20% ಏರಿಸಿದಾಗ ಟಿಪ್ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಅಪ್ಪನಿಗೆ ಈ ಲೆಕ್ಕ ಹೇಳಿ ನೋಡು, ತಮ್ಮ ಅನುಭವದಿಂದ ಸರಿ ತಪ್ಪು ಹೇಳುತ್ತಾರೆ.

ರಾಣೆಬೆನ್ನೂರಿನವಳು

ಅಕ್ಕಾ, ನಾನು ಪಿಎಚ್‌ಡಿ ಮೂರನೇ ವರ್ಷ. ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ಸಾಧ್ಯವಾದರೆ ಫುಲ್ ಟೈಮ್ ಮಾಡಿ, ಫೆಲೋಶಿಪ್ ಇರುವ ಕಡೆ ಮಾಡಿ. ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್, 2023ರಿಂದ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000. ಹಣ ಕೆಲವೊಮ್ಮೆ ತಡ ಆಗುತ್ತದೆ. ನನಗೆ ಒಮ್ಮೆ ಐದು ತಿಂಗಳು ಬರಲಿಲ್ಲ, ಅವ್ವ ಕಳಿಸಿದ ದುಡ್ಡಲ್ಲಿ ಮೆಸ್ ಬಿಲ್ ಕಟ್ಟಿದೆ. ಕೈಯಲ್ಲಿ ಸ್ವಲ್ಪ ಇಟ್ಟುಕೊಂಡೇ ಬನ್ನಿ. ಊರಿಗೆ ಹತ್ತಿರ ಬೇಕೆಂದರೆ ಐಐಟಿ ಧಾರವಾಡ ಇದೆ, ವಿದ್ಯಾನಗರದ ಬಿವಿಬಿ, ಅಂದರೆ ಈಗಿನ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ ಇದೆ. ಗೈಡ್ ಏನು ಕೆಲಸ ಮಾಡುತ್ತಾರೆ ಅಂತ ಮೊದಲು ಓದಿ, ಆಮೇಲೆ ಅರ್ಜಿ ಹಾಕಿ.

ನನ್ನ ವಿಷಯ ಕೂಲೆಂಟ್, ಅಂದರೆ ಕಡಿಯುವಾಗ ತಂಪು ಮಾಡುವ ದ್ರವ. ಸಾಮಾನ್ಯವಾಗಿ ಕೂಲೆಂಟ್ ನಿಮಿಷಕ್ಕೆ ಹಲವು ಲೀಟರ್ ಸುರಿಯುತ್ತದೆ. ಅದರ ಬದಲು ಗಾಳಿಯ ಜೊತೆ ಹೊಂಗೆ ಎಣ್ಣೆಯ ಮಂಜು ಬಿಡುವುದು, ಗಂಟೆಗೆ ನೂರು ಮಿ.ಲೀ. ಒಳಗೆ. ಲ್ಯಾಬಿನಲ್ಲಿ ಚೆನ್ನಾಗಿ ಬಂತು. ಖುಷಿಯಿಂದ ಹಾವೇರಿಯ ಒಂದು ವರ್ಕ್‌ಶಾಪಿಗೆ ಹೋಗಿ ತೋರಿಸಿದೆ. ಅಲ್ಲಿನ ಅಣ್ಣ ಎಲ್ಲ ನೋಡಿ, "ತಂಗಿ, ಕಂಪ್ರೆಸರ್ ಇಡೀ ದಿನ ಓಡಿದ್ರ ಕರೆಂಟ್ ಬಿಲ್ ಎಷ್ಟಾಕ್ಕೈತಿ?" ಅಂತ ಕೇಳಿದರು. ನಾನು ಅದನ್ನು ಅಳೆದೇ ಇರಲಿಲ್ಲ. ವಾಪಸ್ ಬಂದು ಮೀಟರ್ ಹಾಕಿ ಮೊದಲಿಂದ ಶುರು ಮಾಡಿದೆ. ಒಂದು ಸೆಮಿಸ್ಟರ್ ಹೋಯಿತು. ಈಗ ಥೀಸಿಸ್‌ನಲ್ಲಿ ನನಗೆ ಬಹಳ ಇಷ್ಟವಾದ ಭಾಗ ಅದೇ.

ತಾರಿಹಾಳ ಟರ್ನರ್

ಮೇಷ್ಟ್ರೇ, ನಿಮ್ಮ ಸ್ಪಿಂಡಲ್ ಕಥೆಯಲ್ಲಿ ಒಂದು ಬಿಟ್ಟಿದ್ದೀರಿ. ಉದ್ದನೆ ಜಾಬ್ ಬಿಸಿ ಆದರೆ ಉದ್ದ ಬೆಳೆಯುತ್ತದೆ. ಟೇಲ್‌ಸ್ಟಾಕಿನ ಸೆಂಟರ್ (ತುದಿಗೆ ಒತ್ತಿ ಹಿಡಿಯುವ ಮೊನೆ) ಬಿಗಿ ಇದ್ದರೆ ಹೋಗಲು ಜಾಗ ಇರುವುದಿಲ್ಲ, ಬಿಲ್ಲಿನ ಹಾಗೆ ಬಾಗುತ್ತದೆ. ನಾವು ನಾಲ್ಕೈದು ಪಾಸ್ ಆದ ಮೇಲೆ ಟೇಲ್‌ಸ್ಟಾಕ್ ಒಂಚೂರು ಸಡಿಲಿಸಿ ಮತ್ತೆ ಹಿಡಿಯುತ್ತೇವೆ. ಅದನ್ನು ಅಳೆದಿದ್ದಿರಾ?

ತಂಗಿ, ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆಬೀಜ ಬಿಡಿಸುವ ಯಂತ್ರ ಮಾಡಿದವರು. 2022ರಲ್ಲಿ ಪದ್ಮಶ್ರೀ ಬಂತು. ನಮ್ಮ ಭಾಗದಲ್ಲಿ ಯಂತ್ರ ಮಾಡುವ ಕೈಗೆ ಕೊರತೆ ಇಲ್ಲ. ಅಳೆದು, ಲೆಕ್ಕ ಹಾಕಿ, ಬರೆದಿಡುವವರು ಬೇಕು. ನೀವು ಬನ್ನಿ.

ಧಾರವಾಡ ಮೇಷ್ಟ್ರು

ಅಣ್ಣಾರ, ಆಗ ಅಳೆದಿರಲಿಲ್ಲ. ಈಗ ಲೆಕ್ಕ ಹಾಕಿದೆ. 450 ಮಿ.ಮೀ. ಸ್ಪಿಂಡಲ್ 30 ಡಿಗ್ರಿ ಬಿಸಿಯಾದರೆ 0.13 ಮಿ.ಮೀ. ಆಸುಪಾಸು ಬೆಳೆಯುತ್ತದೆ. ನಾವು ಹುಡುಕುತ್ತಿದ್ದ ಹೊಟ್ಟೆ 0.06. ಹಾಗಾದರೆ ಅದರಲ್ಲಿ ಎಷ್ಟು ಪಾಲು ಟೂಲಿನ ತಳ್ಳಾಟದ್ದು, ಎಷ್ಟು ಬಿಸಿಯದ್ದು ಅಂತ ಬಿಡಿಸಿ ನೋಡಬೇಕು. ನಾನು ಎಲ್ಲವನ್ನೂ ಟೂಲಿನ ತಲೆಗೇ ಕಟ್ಟಿದ್ದೆ.

ಬೆಟಗೇರಿ ಹುಡುಗಿ

ಎಲ್ಲರಿಗೂ ತುಂಬಾ ಧನ್ಯವಾದ. ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಟೇಲ್‌ಸ್ಟಾಕ್ ಮಾತು ಬಂದಾಗ ಎದ್ದು ಹೋಗಿ ಮೂಲೆಯಿಂದ ಒಂದು ಶಾಫ್ಟ್ ತಂದರು. ಜಿನ್ನಿಂಗ್ ಮಿಲ್ಲಿನದು, ಹೋದ ವರ್ಷ ಬಾಗಿ ಬಂದು ರಿಜೆಕ್ಟ್ ಆಗಿದ್ದು. ಯಾಕೆ ಬಾಗಿತು ಅಂತ ಆವತ್ತಿಂದ ಯೋಚನೆ ಮಾಡುತ್ತಿದ್ದರಂತೆ, ಗುಜರಿಗೂ ಹಾಕಿಲ್ಲ. ಸರ್, ಶನಿವಾರ ಅದನ್ನು ತೆಗೆದುಕೊಂಡು ಅಪ್ಪನ ಜೊತೆ ಧಾರವಾಡಕ್ಕೆ ಬಂದರೆ ನಿಮಗೆ ಸ್ವಲ್ಪ ಹೊತ್ತು ಇರುತ್ತದಾ?

ಧಾರವಾಡ ಮೇಷ್ಟ್ರು

ಬನ್ನಿ. ಹತ್ತು ಗಂಟೆಗೆ ಲ್ಯಾಬ್ ತೆರೆದಿರುತ್ತದೆ. ಶಾಫ್ಟಿಗೆ ಎಣ್ಣೆ ಸವರಿ ತನ್ನಿ, ತುಕ್ಕು ಹಿಡಿದರೆ ಅಳತೆ ಕೆಡುತ್ತದೆ. ತಾರಿಹಾಳದ ಅಣ್ಣಾರೂ ಬಿಡುವಿದ್ದರೆ ಬರಲಿ.