ಮೈಕ್ರೋಡೋಸಿಂಗ್: ಡೋಸ್ ಸಣ್ಣದಾದರೆ ಅಪಾಯವೂ ಸಣ್ಣದಾ?

ನಸುಕು: ಮೈಕ್ರೋಡೋಸಿಂಗ್ ಅಂದ ಕೂಡಲೇ ಜನ ಹೌಹಾರುತ್ತಾರೆ. ಎಲ್‌ಎಸ್‌ಡಿ, ಅಣಬೆಯಂಥ ಭ್ರಮೆ ತರುವ ಮದ್ದಿನ ಪೂರ್ತಿ ಡೋಸಿನ ಹತ್ತರಲ್ಲಿ ಒಂದು ಪಾಲು, ಕೆಲವರು ಇಪ್ಪತ್ತರಲ್ಲಿ ಒಂದು ಪಾಲು ತೆಗೆದುಕೊಳ್ಳುತ್ತಾರೆ. ಎಲ್‌ಎಸ್‌ಡಿ ಆದರೆ 5ರಿಂದ 20 ಮೈಕ್ರೋಗ್ರಾಂ. ಕಣ್ಣಿಗೆ ಏನೇನೋ ಕಾಣುವುದಿಲ್ಲ, ನಶೆ ಏರುವುದಿಲ್ಲ. ಮನಸ್ಸು ಹಗುರಾಯಿತು, ಗಮನ ಹೆಚ್ಚಿತು ಅಂತ ಸರ್ವೆಗಳಲ್ಲಿ ಎಷ್ಟೋ ಜನ ಹೇಳಿದ್ದಾರೆ. ಇಷ್ಟು ಕಡಿಮೆ ಪ್ರಮಾಣದಿಂದ ಆರೋಗ್ಯಕ್ಕೆ ಏನೂ ಆಗುವುದಿಲ್ಲ, ಕಾನೂನಿಗೂ ಇದು ಲೆಕ್ಕಕ್ಕಿಲ್ಲ. ಸುಮ್ನೆ ಯಾಕೆ ಹೆದರಿಸುತ್ತೀರಿ?

ಅಳತೆಗೋಲು: "ಸರ್ವೆಗಳಲ್ಲಿ ಎಷ್ಟೋ ಜನ" ಅನ್ನುವುದು ಸಾಕ್ಷಿಯೇ ಅಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2021ರಲ್ಲಿ 191 ಜನರ ಅಧ್ಯಯನ ಪ್ರಕಟಿಸಿದರು. ಯಾವ ಕ್ಯಾಪ್ಸೂಲಿನಲ್ಲಿ ಮದ್ದಿದೆ, ಯಾವುದು ಖಾಲಿ ಅಂತ ನುಂಗುವವರಿಗೇ ತಿಳಿಯದ ಹಾಗೆ ಏರ್ಪಾಡು. ನಾಲ್ಕು ವಾರ ಕಳೆದ ಮೇಲೆ ಖಾಲಿ ಕ್ಯಾಪ್ಸೂಲಿನವರೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದ್ದರು.

ನಸುಕು: "ಸುಧಾರಿಸಿದ್ದರು." ನೀವೇ ಹೇಳಿದಿರಿ. ಯಾರಿಗೂ ಕೆಡುಕಾಗಲಿಲ್ಲ ಅಂತಾಯಿತು ಅಲ್ವಾ?

ಔಷಧ ಕೌಂಟರ್: ಎಲ್ಲ ಕೆಡುಕೂ ನಾಲ್ಕು ವಾರದಲ್ಲಿ ಕಾಣಿಸುವುದಿಲ್ಲ. ಎಲ್‌ಎಸ್‌ಡಿಯಾಗಲಿ, ಅಣಬೆಯ ಸೈಲೋಸಿಬಿನ್‌ನಿಂದ ದೇಹದೊಳಗೆ ಆಗುವ ಸೈಲೋಸಿನ್ ಆಗಲಿ, ಹೃದಯದ ಕವಾಟದಲ್ಲಿರುವ 5-ಎಚ್‌ಟಿ2ಬಿ ಗ್ರಾಹಕಕ್ಕೂ (ಮದ್ದು ಹೋಗಿ ಕೂರುವ ತಾಣ) ಅಂಟುತ್ತವೆ. ಫೆನ್‌ಫ್ಲುರಮಿನ್ ಅನ್ನುವ ತೂಕ ಇಳಿಸುವ ಮದ್ದು ಇದೇ ದಾರಿಯಲ್ಲಿ ಕವಾಟ ಕೆಡಿಸಿತು. 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ವಾಪಸ್ ತೆಗೆದರು. ಒಮ್ಮೆ ತೆಗೆದುಕೊಳ್ಳುವುದು ಬೇರೆ, ವಾರಕ್ಕೆ ಎರಡು ಮೂರು ಸಲ ತಿಂಗಳುಗಟ್ಟಲೆ ತೆಗೆದುಕೊಳ್ಳುವುದೇ ಬೇರೆ.

ನಸುಕು: ಫೆನ್‌ಫ್ಲುರಮಿನ್‌ಗೆ 2020ರಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು, ಮಕ್ಕಳ ಸೆಳವಿನ (ಫಿಟ್ಸ್) ಕಾಯಿಲೆಗೆ. ಅದನ್ನು ಯಾಕೆ ಬಿಟ್ಟಿರಿ?

ಔಷಧ ಕೌಂಟರ್: ಆಗಾಗ ಎಕೋ ಮಾಡಿಸಿ ಕವಾಟ ನೋಡಲೇಬೇಕು ಅನ್ನುವ ಷರತ್ತಿನ ಮೇಲೆ ಸಿಕ್ಕಿತು. ಅದನ್ನು ನೀವು ಯಾಕೆ ಬಿಟ್ಟಿರಿ?

ಕಪ್ಪು ಕೋಟು: "ಕಾನೂನಿಗೂ ಲೆಕ್ಕಕ್ಕಿಲ್ಲ" ಅನ್ನುವ ಮಾತನ್ನು ನಂಬಿ ಯಾರಾದರೂ ಜೈಲಿಗೆ ಹೋದಾರು. ವಿಶ್ವಸಂಸ್ಥೆಯ 1971ರ ಒಪ್ಪಂದದಲ್ಲಿ ಎಲ್‌ಎಸ್‌ಡಿ, ಸೈಲೋಸಿಬಿನ್ ಎರಡೂ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿವೆ. ಮೈಕ್ರೋಡೋಸ್‌ಗೆ ಅಂತ ಅಲ್ಲಿ ವಿನಾಯಿತಿ ಇಲ್ಲ. ಇನ್ನು ತೂಕದ ವಿಷಯ. ಅಮೆರಿಕದ 1991ರ ಚಾಪ್ಮನ್ ಕೇಸ್ ಓದಿ. ಅಪ್ಪಟ ಎಲ್‌ಎಸ್‌ಡಿ ಇದ್ದದ್ದು 50 ಮಿಲಿಗ್ರಾಂ. ಅದನ್ನು ಹೀರಿಸಿದ್ದ ಕಾಗದವೂ ಸೇರಿದರೆ 5.7 ಗ್ರಾಂ. ಕಾಗದವನ್ನೂ ತೂಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. 1 ಗ್ರಾಂ ದಾಟಿದ್ದಕ್ಕೆ ಕನಿಷ್ಠ 5 ವರ್ಷ ಜೈಲು.

ತರ್ಕಪ್ರಿಯ: ಅದು ಸಾವಿರ ಡೋಸ್ ಮಾರಲು ಹೊರಟವರ ಕೇಸ್, ಇಲ್ಲಿಗೆ ತಂದು ಅಂಟಿಸಬೇಡಿ. ಕಾಗದ ತೂಗುವ ಪದ್ಧತಿಯನ್ನೂ 1993ರಲ್ಲೇ ಕೈಬಿಟ್ಟರು. ಒಂದು ಡೋಸ್‌ಗೆ 0.4 ಮಿಲಿಗ್ರಾಂ ಅಂತ ಲೆಕ್ಕ ಹಿಡಿಯುತ್ತಾರೆ.

ಕಪ್ಪು ಕೋಟು: "ಕೈಬಿಟ್ಟರು" ಅನ್ನುವುದು ತಪ್ಪು. ಬದಲಾದದ್ದು ಶಿಕ್ಷೆಯ ಮಾರ್ಗಸೂಚಿ, ಕಾಯ್ದೆಯಲ್ಲ. ಕನಿಷ್ಠ ಶಿಕ್ಷೆಗೆ ಕಾಗದದ ತೂಕವೇ ಲೆಕ್ಕ ಅಂತ 1996ರ ನೀಲ್ ಕೇಸಿನಲ್ಲಿ ಅದೇ ಕೋರ್ಟ್ ಮತ್ತೆ ಹೇಳಿತು.

ಬೇಲಿ ಹೂ: ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಅಣ್ಣ ಬೈಪೋಲಾರ್ ಅನ್ನುವ ಮನೋರೋಗಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಇದನ್ನು ಶುರು ಮಾಡುತ್ತೇನೆ ಅನ್ನುತ್ತಿದ್ದಾನೆ. ಪರವಾಗಿಲ್ವಾ?

ತರ್ಕಪ್ರಿಯ: ಕಪ್ಪು ಕೋಟು ಅವರೇ, ಮಾರ್ಗಸೂಚಿಯೂ ಕಾನೂನಿನ ಭಾಗವೇ. ನಾನು ಹೇಳಿದ್ದು ತಪ್ಪಲ್ಲ.

ಅಳತೆಗೋಲು: ನಿಮ್ಮ 0.4 ಲೆಕ್ಕವನ್ನೇ ಹಿಡಿಯೋಣ. ಚಾಪ್ಮನ್ ಕೇಸಿನಲ್ಲಿ ಒಂದು ಡೋಸ್‌ಗೆ ನಿಜವಾಗಿ ಇದ್ದದ್ದು 0.05 ಮಿಲಿಗ್ರಾಂ. ಅಂದರೆ ಇದ್ದದ್ದಕ್ಕಿಂತ ಎಂಟು ಪಟ್ಟು ಜಾಸ್ತಿ!

ತರ್ಕಪ್ರಿಯ: ಎಂಟು ಪಟ್ಟು, ಹತ್ತು ಪಟ್ಟು ಅಂತ ಗುಣಿಸುತ್ತಾ ಕೂರಬೇಡಿ. ಕಾಗದ ತೂಗಿದ್ದರೆ ನೂರು ಪಟ್ಟು ದಾಟುತ್ತಿತ್ತು. ಕಡಿಮೆಯಾಯಿತೋ ಇಲ್ಲವೋ? ಅದನ್ನು ಹೇಳಿ.

ಕಪ್ಪು ಕೋಟು: ಕನಿಷ್ಠ ಶಿಕ್ಷೆಗೆ ಕಡಿಮೆಯಾಗಲಿಲ್ಲ. ಎಷ್ಟು ಸಲ ಹೇಳಬೇಕು ರೀ? ತೀರ್ಪು ಓದದೆ ವಾದಕ್ಕೆ ಬರಬೇಡಿ.

ತರ್ಕಪ್ರಿಯ: ಓದದೆ ಬಂದಿದ್ದೇನೆ ಅಂತ ನಿಮಗೆ ಯಾರು ಹೇಳಿದರು? ನಾಲಿಗೆ ಬಿಗಿ ಹಿಡಿದು ಮಾತಾಡಿ.

ನಸುಕು: ಹಳೇ ಕೇಸುಗಳನ್ನೇ ಎಷ್ಟು ಅಗೆಯುತ್ತೀರಿ? ಅಮೆರಿಕದ ಆರೆಗಾನ್ ರಾಜ್ಯ ಸೈಲೋಸಿಬಿನ್‌ಗೆ ಬಾಗಿಲು ತೆರೆದಿದೆ. ಆಸ್ಟ್ರೇಲಿಯಾ 2023ರಲ್ಲಿ ಬಿಟ್ಟುಕೊಟ್ಟಿತು.

ಕಪ್ಪು ಕೋಟು: "ಬಿಟ್ಟುಕೊಟ್ಟಿತು" ಅಂದರೆ ಏನು ಅಂತ ಪೂರ್ತಿ ಹೇಳಿ. ಆಸ್ಟ್ರೇಲಿಯಾದಲ್ಲಿ ಪರವಾನಗಿ ಪಡೆದ ಮನೋವೈದ್ಯರು ಮಾತ್ರ ಸೈಲೋಸಿಬಿನ್ ಬರೆದುಕೊಡಬಹುದು. ಅದೂ ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ. ಆರೆಗಾನ್‌ನಲ್ಲಿ ಕೇಂದ್ರದಲ್ಲೇ, ತರಬೇತಾದವರ ಎದುರೇ ತೆಗೆದುಕೊಳ್ಳಬೇಕು, ಮನೆಗೆ ಒಯ್ಯುವ ಹಾಗಿಲ್ಲ. ನೀವು ಹೇಳುತ್ತಿರುವ ಮೈಕ್ರೋಡೋಸಿಂಗ್ ಇದಲ್ಲ.

ಔಷಧ ಕೌಂಟರ್: ಕಾಗದ ಎಷ್ಟು ತೂಗುತ್ತೆ ಅಂತ ಇಷ್ಟು ಜಗಳ. ಆ ಕಾಗದದಲ್ಲಿ ಏನಿದೆ ಅಂತ ಯಾರಾದರೂ ಕೇಳಿದಿರಾ? ಎಲ್‌ಎಸ್‌ಡಿ ಅಂತ ನಂಬಿ ಎನ್‌ಬಿಒಎಂಇ ಅನ್ನುವ ಬೇರೆಯೇ ರಾಸಾಯನಿಕ ತೆಗೆದುಕೊಂಡವರು ಸತ್ತಿದ್ದಾರೆ. 2024ರಲ್ಲಿ ಅಮೆರಿಕದಲ್ಲಿ ಮೈಕ್ರೋಡೋಸ್ ಅಂತಲೇ ಮಾರಿದ ಚಾಕೊಲೇಟ್ ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಒಳಗಿದ್ದದ್ದು ಲೇಬಲ್ಲಿನಲ್ಲಿ ಇರಲಿಲ್ಲ.

ಬೇಲಿ ಹೂ, ನಿಮ್ಮ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಬೇಡ. ಲಿಥಿಯಂ ಜೊತೆ ಬೇಡವೇ ಬೇಡ. 2021ರಲ್ಲಿ ಜನ ಬರೆದ ಅನುಭವಗಳನ್ನು ಸಂಶೋಧಕರು ಒಟ್ಟು ಹಾಕಿ ನೋಡಿದರು. ಲಿಥಿಯಂ ಜೊತೆ ತೆಗೆದುಕೊಂಡವರ ಬರಹಗಳಲ್ಲಿ ಸುಮಾರು ಅರ್ಧದಲ್ಲಿ ಸೆಳವಿನ ಮಾತಿತ್ತು. ಬೈಪೋಲಾರ್ ಇದ್ದವರಿಗೆ ಉನ್ಮಾದ ಕೆರಳುವ ಭಯ ಬೇರೆ. ಲಿಥಿಯಂ ನಿಲ್ಲಿಸಿ ಇದನ್ನು ಶುರು ಮಾಡೋಣ ಅಂತಲೂ ಅವರು ಹೊರಡಬಾರದು, ಅದು ಇನ್ನೂ ಕೆಟ್ಟದ್ದು. ಇವತ್ತೇ ಅವರ ಡಾಕ್ಟರಿಗೆ ತಿಳಿಸಿ.

ನಸುಕು: "ಜನ ಬರೆದ ಅನುಭವಗಳು" ಸಾಕ್ಷಿ ಹೇಗಾಗುತ್ತೆ? ನನ್ನ ಸರ್ವೆಗಳನ್ನು ತಳ್ಳಿಹಾಕಿದಿರಿ. ಅವರೆಲ್ಲ ಪೂರ್ತಿ ಡೋಸ್ ತೆಗೆದುಕೊಂಡವರೂ ಇರಬಹುದು.

ಔಷಧ ಕೌಂಟರ್: ಸರ್ವೆ ತಳ್ಳಿಹಾಕಿದ್ದು ನಾನಲ್ಲ. ಅವರ ಅಣ್ಣನಿಗೆ ಸೆಳವು ಬರುವ ಡೋಸ್ ಯಾವುದು ಅಂತ ನಿಮಗೆ ಗೊತ್ತಾ? ಗೊತ್ತಿದ್ದರೆ ಬರೆಯಿರಿ.

ಬೇಲಿ ಹೂ: ಥ್ಯಾಂಕ್ಸ್. ಅಣ್ಣನಿಗೆ ಈಗಲೇ ಫೋನ್ ಮಾಡುತ್ತೇನೆ.

ತರ್ಕಪ್ರಿಯ: ಕಪ್ಪು ಕೋಟು ಅವರೇ, 1993ರದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.