ಊರ ಉಸಾಬರಿ, ಕೈಕೋವಿ, ಹುಟ್ಟದೇ ಹೋದ ಚಳವಳಿ

ಬಲ್ಲವರಲ್ಲಿ ಒಂದು ಕೋರಿಕೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರಜ್ಞೆ ಕ್ರಿಸ್ಟಿನ್ ಗಾಸ್ ಅವರ ಕೆಲಸವನ್ನು ಪರಿಚಯಿಸುವ ಲೇಖನವೊಂದನ್ನು ಬರೆಯುತ್ತಿದ್ದೇನೆ. ಕನ್ನಡಕ್ಕೆ ಬಗ್ಗದ ಮೂರು ಇಂಗ್ಲಿಷ್ ಪದಗಳು ಅಡ್ಡಗಾಲು ಹಾಕಿ ಕುಳಿತಿವೆ.

ಮೊದಲನೆಯದು ‘ಸಿವಿಕ್ ಎಂಗೇಜ್‌ಮೆಂಟ್’. ಜನ ಮನೆಯ ಪಾಡು ಬಿಟ್ಟು ಎಲ್ಲರ ವಿಷಯಕ್ಕಾಗಿ ಯಾವಾಗ ಬೀದಿಗಿಳಿಯುತ್ತಾರೆ, ಯಾವಾಗ ಇಳಿಯುವುದಿಲ್ಲ ಎಂಬುದೇ ಗಾಸ್ ಅವರನ್ನು ಉದ್ದಕ್ಕೂ ಕಾಡಿದ ಪ್ರಶ್ನೆ. ‘ನಾಗರಿಕ ಪಾಲ್ಗೊಳ್ಳುವಿಕೆ’ ಎಂದರೆ ಸಭ್ಯರ ಕೂಟ ನೆನಪಾಗುತ್ತದೆ. ನಮ್ಮಲ್ಲಿ ನಾಗರಿಕನ ಎದುರಿಗೆ ನಿಲ್ಲುವವನು ಅನಾಗರಿಕ. ‘ಪೌರ’ ಎಂದೊಡನೆ ಪೌರಾಯುಕ್ತರೂ ಪೌರಕಾರ್ಮಿಕರೂ ಕಣ್ಣಮುಂದೆ ಬರುತ್ತಾರೆ. ‘ಸಹಭಾಗಿತ್ವ’ವನ್ನು ಸರ್ಕಾರಿ ಸುತ್ತೋಲೆಗಳು ಎಂದೋ ಸವೆಸಿಬಿಟ್ಟಿವೆ. ನನಗೆ ಹೊಳೆದದ್ದು ‘ಊರ ಉಸಾಬರಿ’. ‘ಊರ ಉಸಾಬರಿ ನಿನಗೇಕೆ’ ಎಂದು ಗದರುವಾಗಲಷ್ಟೇ ಅದು ಬಾಯಿಗೆ ಬರುತ್ತದೆ, ನಿಜ. ಆದರೆ ಎಲ್ಲರ ಕೆಲಸವನ್ನು ತನ್ನ ಮೈಮೇಲೆ ಎಳೆದುಕೊಳ್ಳುವ ಭಾವ ಅದರಲ್ಲಿರುವಷ್ಟು ಬೇರೆ ಯಾವುದರಲ್ಲಿದೆ? ಗಂಭೀರ ಬರಹಕ್ಕೆ ಒಗ್ಗದು ಎನ್ನುವುದಾದರೆ ‘ಸಾರ್ವಜನಿಕ ತೊಡಗಿಕೆ’ ಎಂದು ಬರೆದು ಸುಮ್ಮನಾಗುತ್ತೇನೆ, ಒಲ್ಲದ ಮನಸ್ಸಿನಿಂದ.

ಎರಡನೆಯದು ಗಾಸ್ ಅವರ ಪುಸ್ತಕದ ಹೆಸರಿನಲ್ಲೇ ಇರುವ ‘ಮಿಸ್ಸಿಂಗ್ ಮೂವ್‌ಮೆಂಟ್’ ಎಂಬುದರ ‘ಮಿಸ್ಸಿಂಗ್’. ಬಂದೂಕಿನ ಕಾನೂನು ಬಿಗಿಯಾಗಲಿ ಎನ್ನುವ ಅಮೆರಿಕನ್ನರು ಮೊದಲಿನಿಂದಲೂ ಬಹಳ ಮಂದಿ ಇದ್ದರೂ ಧೂಮಪಾನ ವಿರೋಧಿ ಚಳವಳಿಯಂಥದ್ದು ಅಲ್ಲಿ ಏಕೆ ಬೇರೂರಲಿಲ್ಲ ಎಂದು ಗಾಸ್ 2006ರ ಪುಸ್ತಕದಲ್ಲಿ ಕೇಳಿದರು. ಅವರು ಕಂಡ ಕಾರಣಗಳು: ಹಣ ಕೊಟ್ಟು ಪೋಷಿಸುವವರು ಸಾಲಲಿಲ್ಲ, ಅಪರಾಧ ತಡೆಯ ಭಾಷೆಯಲ್ಲಿ ಆಡಿದ ಮಾತು ಮನೆಮನೆಗೆ ತಟ್ಟಲಿಲ್ಲ, ಊರೂರಿನ ಸಣ್ಣ ಗೆಲುವುಗಳನ್ನು ಕೂಡಿಸಿಕೊಳ್ಳುವ ಬದಲು ಮುಂದಾಳುಗಳು ನೇರವಾಗಿ ವಾಷಿಂಗ್ಟನ್ನಿನ ದೊಡ್ಡ ಕಾನೂನಿಗೇ ಕೈಹಾಕಿದರು. 2000ದ ಮೇ 14ರಂದು, ತಾಯಂದಿರ ದಿನ, ಅಮ್ಮಂದಿರು ಮಕ್ಕಳ ಹೆಸರು ಹಿಡಿದು ಅಲ್ಲಿ ನೆರೆದಾಗ ಮಾತಿನ ಧಾಟಿಯೇ ಬೇರೆಯಾಗಿತ್ತು. ಈಗ ಪದಕ್ಕೆ ಬರೋಣ. ‘ಕಾಣೆಯಾದ ಚಳವಳಿ’ ಎಂದರೆ ಇದ್ದದ್ದು ಕಳೆದುಹೋಗಿದೆ, ಠಾಣೆಗೆ ದೂರು ಕೊಡಬೇಕು ಎಂಬಂತೆ ಕೇಳಿಸುತ್ತದೆ. ‘ಇಲ್ಲದ’ ಎಂದರೆ, ಇರಬೇಕಿತ್ತಲ್ಲ ಎಂಬ ಕೊರಗು ಬರುವುದಿಲ್ಲ. ‘ಹುಟ್ಟದೇ ಹೋದ’ ಹತ್ತಿರವಿದೆ, ಆದರೆ ತುಸು ಶೋಕಗೀತೆಯ ಧ್ವನಿ. ಇದಕ್ಕಿಂತ ಒಳ್ಳೆಯದಿದ್ದರೆ ಹೇಳಿ.

ಕೊನೆಯದು ‘ಹ್ಯಾಂಡ್‌ಗನ್’. ಬಂದೂಕು, ಕೋವಿ ಎಂದಾಗ ನನ್ನ ಕಣ್ಣಿಗೆ ಕಟ್ಟುವುದು ಹೆಗಲಿಗೇರುವ ಉದ್ದ ನಳಿಗೆ. ಅಲ್ಲಿನ ವಾದದಲ್ಲಿ ದೊಡ್ಡ ಪಾಲು ಮುಷ್ಟಿಯಲ್ಲಿ ಹಿಡಿಯುವ ಪಿಸ್ತೂಲು, ರಿವಾಲ್ವರ್‌ಗಳದ್ದು. 1981ರಲ್ಲಿ ಅಂದಿನ ಅಧ್ಯಕ್ಷ ರೇಗನ್ ಮೇಲೆ ನಡೆದ ದಾಳಿಯಲ್ಲಿ ಗುಂಡೇಟು ತಿಂದ, ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿಯವರ ಹೆಸರನ್ನು 2001ರಲ್ಲಿ ಇಟ್ಟುಕೊಂಡ ಸಂಘಟನೆಗೆ ಅದಕ್ಕೂ ಮೊದಲು ‘ಹ್ಯಾಂಡ್‌ಗನ್ ಕಂಟ್ರೋಲ್’ ಎಂದೇ ಹೆಸರಿತ್ತು. ಅದನ್ನು ‘ಬಂದೂಕು ನಿಯಂತ್ರಣ’ ಎಂದು ಬರೆದರೆ ಸುಳ್ಳಾಗುತ್ತದೆ. ‘ಕೈಕೋವಿ’ ಎನ್ನಬಹುದೇ? ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಕೊಡಗಿನವರ ಕಿವಿಗೆ ಈ ಪದ ಹೇಗೆ ಕೇಳಿಸುತ್ತದೆ, ತಿಳಿಸಿ.